ಹಿಂದಿನ ಗೇಟಿನ ಸ್ಟಾಪು

ಮನೆಯಿಂದ,
ಹನ್ನೆರಡನೇ ತಾರೀಕು, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳಿಗೆ,

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತಾ? ದಿನವಿಡೀ ನಿಂತು ಕೆಲಸ ಮಾಡುವ ನಿನಗೂ ಸೊಂಟ, ದಿನವಿಡೀ ಕೂತು ಬಸ್ಸು ಓಡಿಸಿದ ನನಗೂ ಸೊಂಟ. ಅಪ್ಪನಿಂದ ಬೇರೆ ಆಸ್ತಿ ಬರದಿದ್ದರೂ ಅದೊಂದು ಬಂತು ನೋಡು. ಮೆತ್ತನೆಯ ಚಪ್ಪಲಿ ತೆಗೆದುಕೋ ಅಂದಿದ್ದೆ, ತೆಗೆದುಕೊಂಡಿರಲಾರೆ. ನಿನ್ನ ವಾರ್ಡಿನ ಅಂಗೈಯಗಲದ ಕೂಸುಗಳೆಲ್ಲ ಹೇಗಿವೆ? ಗಾಜಿನ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ನಿನ್ನ ಬೆರಳು ಹಿಡಿದು ಬಿಡಲೊಲ್ಲೆ ಅಂದಿತ್ತಲ್ಲ ಒಂದು ಹೆಣ್ಣುಕೂಸು, ಅದಕ್ಕೆ ತೂಕ ಬಂತಾ? ನಿಮ್ಮಮ್ಮ ದಿನಾ ನನ್ನನ್ನೇ ಕೇಳುತ್ತಾಳೆ, ನಾನೇ ಅಲ್ಲಿ ಡ್ಯೂಟಿ ಮಾಡಿ ಬಂದವನ ಹಾಗೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಪೊರೆ ತೆಗೆದ ಮೇಲೆ ನನ್ನ ಕಣ್ಣು ಎಷ್ಟು ಚುರುಕಾಗಿದೆ ಅಂದರೆ, ನಮ್ಮ ಗೋಡೆಯ ಬಣ್ಣ ಇಷ್ಟು ಕೆಟ್ಟಿದೆ ಅಂತ ಈಗ ಗೊತ್ತಾಯಿತು. ನಿಮ್ಮಮ್ಮನ ಮುಖ ನೋಡಿ ಅಂಥದ್ದೇ ಒಂದು ಮಾತು ಆಡಲು ಹೋಗಿ, ಅರ್ಧಕ್ಕೇ ನುಂಗಿಕೊಂಡೆ. ಕೆಳಗಡೆ ಟೈಲರ್ ಎರಡನೇ ಮೆಷಿನ್ ತಂದಿದ್ದಾನೆ; ಈಗ ನಮ್ಮ ನೆಲ ಎರಡು ಕಡೆ ನಡುಗುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನಿಮ್ಮಮ್ಮನ ಪಾಳಿ ಮುಗಿದು ನನ್ನ ಪಾಳಿ ಬರುವ ಹೊತ್ತಿಗೆ ನಿನ್ನ ಡ್ಯೂಟಿ ಶುರುವಾಗಿರುತ್ತದೆ. ಅಲ್ಲದೆ ಈಗ ಬರೆಯಲು ಹೊರಟಿರುವುದು ಹೇಳಲು ಕಷ್ಟವಾದ ಮಾತು. ನಡುವೆ ನೀನು "ಅಪ್ಪ, ಬಿಡು" ಅಂದುಬಿಟ್ಟರೆ ನನಗೆ ಮುಂದುವರಿಸಲು ಬರುವುದಿಲ್ಲ.

ಹೋದ ವಾರ ನೀನು ಹೇಳಿದ್ದು ನನ್ನ ತಲೆಯಲ್ಲೇ ಕೂತಿದೆ. ನೀನು ಅಲ್ಲಿಗೆ ಹೋಗಿ ಮುಂದಿನ ತಿಂಗಳಿಗೆ ವರ್ಷ ತುಂಬುತ್ತದೆ, ವಾಪಸು ಬರುತ್ತೀಯ ಅಂತ ನಾವೆಲ್ಲ ಕಾಯುತ್ತಿದ್ದೆವು. ಅಷ್ಟರಲ್ಲಿ ಆ ಆಸ್ಪತ್ರೆಯವರು ಇನ್ನೂ ಎರಡು ವರ್ಷ ಉಳಿದುಕೋ, ವಾರ್ಡಿನ ಉಸ್ತುವಾರಿಯನ್ನೇ ನಿನಗೆ ಕೊಡುತ್ತೇವೆ ಅಂದಿದ್ದಾರೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ನೀನು ಗಂಡನನ್ನು ಕೇಳಿದ್ದಕ್ಕೆ ಅವರು "ನಿನ್ನಿಷ್ಟ" ಅಂದರು, ಅಷ್ಟೇ. "ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅಪ್ಪ. ಅವರ ದಿನ ಅವರ ಪಾಡಿಗೆ ಓಡುತ್ತೆ" ಅಂದೆ. ಆಗ ನಾನು ಸುಮ್ಮನಿದ್ದದ್ದು ಯಾಕೆ ಅಂದರೆ ನನಗೂ ಹಾಗೇ ಅನ್ನಿಸಿತ್ತು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವ ಮನುಷ್ಯ, ಮಾತನ್ನೂ ತೂಕ ಹಾಕಿಯೇ ಕೊಡುತ್ತಾರೆ, ಅದರಲ್ಲೂ ಒಂದು ಗ್ರಾಂ ಕಡಿಮೆ. ನಿಮ್ಮ ಮದುವೆಯಾದಾಗಿನಿಂದ ನಾನು ಅವರನ್ನು ಬೆನ್ನ ಹಿಂದೆ ತೂಕದ ಸಾಹೇಬರು ಅಂತ ಕರೆಯುವುದು ನಿನಗೆ ಗೊತ್ತೇ ಇದೆ. ಒಳ್ಳೆಯವರು, ಆದರೆ ಒಣ ಅಂದುಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ತೋರಿಸಬೇಕಿತ್ತು. ಅಳಿಯಂದಿರು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಕಾರು ತಂದರು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ, ನಿನ್ನ ಜಾಗದಲ್ಲಿ, ದೊಡ್ಡ ಮನುಷ್ಯನ ಹಾಗೆ ಕೂತೆ. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂರುವುದು ನನಗೆ ಶಿಕ್ಷೆ. ಇಲ್ಲದ ಬ್ರೇಕನ್ನು ತುಳಿದು ತುಳಿದು ಇಳಿಯುವ ಹೊತ್ತಿಗೆ ಕಾಲು ಸೋತಿರುತ್ತದೆ. ಆದರೆ ಇವರು ಓಡಿಸುವುದನ್ನು ನೋಡಿ ಕಾಲು ತಾನಾಗಿ ಸುಮ್ಮನಾಯಿತು. ಎಲ್ಲ ಸರಿಯಾಗಿತ್ತು. ಶಾಲೆಯ ಮುಂದೆ ನಿಧಾನ, ತಿರುವಿಗೆ ಮುಂಚೆ ದೀಪ, ಮುಂದಿನ ಗಾಡಿಗೆ ಬೇಕಾದಷ್ಟು ಜಾಗ. ಸರಿ ಇಲ್ಲದಿದ್ದದ್ದು ಒಂದೇ. ಕಣ್ಣಿನ ಆಸ್ಪತ್ರೆಗೆ ಸೇತುವೆಗೆ ಮುಂಚೆಯೇ ತಿರುಗಬೇಕು. ಇವರು ತಿರುಗಲಿಲ್ಲ, ನೇರ ಸೇತುವೆ ಹತ್ತಿದರು. ಯಾವುದೋ ಒಳದಾರಿ ಇರಬೇಕು ಅಂದುಕೊಂಡು ಅವರ ಮುಖ ನೋಡಿದೆ. ತುಟಿ ಸ್ವಲ್ಪ ಅಲ್ಲಾಡುತ್ತಿತ್ತು, ಮುಖದಲ್ಲಿ ಸಣ್ಣ ನಗು. ಕಾರಿನಲ್ಲಿ ಅವರಿರಲಿಲ್ಲಮ್ಮ. ಆ ಮುಖ ನನಗೆ ಗೊತ್ತು, ಎಷ್ಟೋ ವರ್ಷ ಬಸ್ಸಿನ ಕನ್ನಡಿಯಲ್ಲಿ ನೋಡಿದ್ದೇನೆ.

ದಿನದ ದಾರಿಯ ವಿಚಿತ್ರವೇ ಅದು. ಹೊಸ ದಾರಿ ಆದರೆ ಮನುಷ್ಯ ಪೂರ್ತಿ ಬೇಕು. ಕಣ್ಣು ಕಿವಿ ಎಲ್ಲ ತೆರೆದು ಕೂರಬೇಕು. ಹಳೇ ದಾರಿ ಹಾಗಲ್ಲ, ಕೈಕಾಲು ಕೊಟ್ಟರೆ ಸಾಕು, ಉಳಿದದ್ದನ್ನು ಎಲ್ಲಿ ಬೇಕಾದರೂ ಹೋಗು ಅಂತ ಬಿಟ್ಟುಬಿಡುತ್ತದೆ. ನಾನು ಸ್ಟೇರಿಂಗ್ ಹಿಡಿದುಕೊಂಡೇ ಎರಡಂತಸ್ತಿನ ಮನೆ ಕಟ್ಟಿದ್ದೇನೆ, ಡಿಪೋ ಮ್ಯಾನೇಜರ್ ಬಾಯಿ ಮುಚ್ಚುವ ಹಾಗೆ ಉತ್ತರ ಕೊಟ್ಟಿದ್ದೇನೆ, ನಿನ್ನನ್ನು ಹತ್ತು ಸಲ ಡಾಕ್ಟರ್ ಮಾಡಿದ್ದೇನೆ. ನಿನಗೆ ಇಡುವ ಹೆಸರು ಹೊಳೆದದ್ದೂ ಮಾರುಕಟ್ಟೆಯಿಂದ ಡಿಪೋಗೆ ಬರುವ ಕೊನೆಯ ಟ್ರಿಪ್ಪಿನಲ್ಲಿ. ಡಿಪೋ ತಲುಪಿ ಎಂಜಿನ್ ಆರಿಸಿದ ಮೇಲೆ, ಎಲ್ಲೆಲ್ಲಿ ನಿಲ್ಲಿಸಿದೆ, ಯಾರು ಹತ್ತಿದರು ಅಂತ ಯೋಚಿಸಿದರೆ ಒಂದೂ ನೆನಪಿಲ್ಲ. ಆದರೆ ಯಾರೂ ಸ್ಟಾಪು ತಪ್ಪಿತು ಅಂತ ಜಗಳಕ್ಕೆ ಬಂದಿಲ್ಲ. ಅದನ್ನು ಹೆಚ್ಚುಗಾರಿಕೆ ಅಂತ ಹೇಳುತ್ತಿಲ್ಲ. ಇಷ್ಟು ಜನರ ಜೀವ ಬೆನ್ನ ಹಿಂದೆ ಇಟ್ಟುಕೊಂಡು ನಾನೆಲ್ಲಿಗೆ ಹೋಗಿದ್ದೆ ಅಂತ ಎಷ್ಟೋ ಸಲ ಕೈ ತಣ್ಣಗಾಗಿದೆ.

ನಿನಗೆ ನೆನಪಿದೆಯಾ, ನೀನು ಚಿಕ್ಕವಳಿದ್ದಾಗ ಡಿಪೋ ಮೆಕ್ಯಾನಿಕ್‌ನ ಕಾರು ಇಸಿದುಕೊಂಡು ಮೂವರೂ ಕೆರೆ ನೋಡಲು ಹೊರಟಿದ್ದೆವು. ಬಸ್ಸಿನ ದಾರಿಯೇ ಆದ್ದರಿಂದ ನಾನು ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಸ್ವಲ್ಪ ಕಾದು, ಮುಂದೆ ಹೋಗುತ್ತಿದ್ದೆ. ಮಾರುಕಟ್ಟೆ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಚೀಲ ಸಮೇತ ಬಾಗಿಲು ತೆಗೆದು ನಿನ್ನ ಪಕ್ಕ ಕೂತೇಬಿಟ್ಟಳು. ನಿಮ್ಮಮ್ಮ "ರೀ, ಟಿಕೆಟ್ಟೂ ಹರಿದು ಕೊಟ್ಬಿಡಿ" ಅಂದ ಮೇಲೇ ನನಗೆ ಎಚ್ಚರವಾದದ್ದು. ಅಜ್ಜಿಯನ್ನು ಅವಳ ಮನೆತನಕ ಬಿಟ್ಟು ಬಂದೆವು. ನಿಮ್ಮಮ್ಮ ಇವತ್ತಿಗೂ ಆ ಮಾತು ತೆಗೆದು ನನ್ನ ಮಾನ ಕಳೆಯುತ್ತಾಳೆ.

ಇರಲಿ, ಅಳಿಯಂದಿರ ವಿಷಯಕ್ಕೆ ಬರುತ್ತೇನೆ. ಸೇತುವೆ ದಾಟಿದ ಮೇಲೆ ಅವರ ಆಫೀಸಿಗಾದರೆ ನೇರ ಹೋಗಬೇಕು. ಓಹೋ, ಅಭ್ಯಾಸಬಲದಿಂದ ಆಫೀಸಿಗೆ ಕರೆದುಕೊಂಡು ಹೋಗುತ್ತಿದ್ದಾರೆ, ನನ್ನನ್ನೂ ತಕ್ಕಡಿಯ ಮೇಲೆ ಕೂರಿಸುತ್ತಾರೆ ಅಂತ ಒಳಗೊಳಗೇ ನಗುತ್ತಿದ್ದೆ. ಅವರು ನೇರ ಹೋಗಲಿಲ್ಲ. ನೀನು ಮೊದಲಿದ್ದ ಆಸ್ಪತ್ರೆಯ ಪಕ್ಕದ ಓಣಿಗೆ ತಿರುಗಿಸಿದರು. ಟೈರ್ ಅಂಗಡಿ ದಾಟಿ, ಹಿಂದಿನ ಗೇಟು ಇದೆಯಲ್ಲ, ನೀವು ನರ್ಸುಗಳು ಒಳಗೆ ಹೋಗುವುದು, ಅಲ್ಲಿಗೆ ಬಂದು, ಮೋರಿಯ ಒಡೆದ ಚಪ್ಪಡಿಯನ್ನು ದಾಟಿಸಿ, ಇಳಿಯುವವರ ಕಾಲು ಒಣ ನೆಲದ ಮೇಲೇ ಬೀಳುವ ಹಾಗೆ ನಿಲ್ಲಿಸಿದರು. ಆಮೇಲೆ ನನ್ನ ಮೇಲೆ ಅಡ್ಡ ಬಾಗಿ, ಗೇರಿಗೆ ಹೊಟ್ಟೆ ಒತ್ತಿಕೊಂಡು, ನನ್ನ ಕಡೆಯ ಬಾಗಿಲನ್ನು ಅವರೇ ತೆಗೆದರು. ಆ ಬಾಗಿಲ ಒಳಗಿನ ಹಿಡಿ ಮುರಿದಿದೆ, ರಿಪೇರಿ ಮಾಡಿಸಿ ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ ಅಂತ ನೀನು ಗೊಣಗುತ್ತಿದ್ದದ್ದು ನೆನಪಾಯಿತು. ಬಾಗಿಲು ತೆಗೆದು, ಮುಂದಿನ ರಸ್ತೆಯನ್ನೇ ನೋಡುತ್ತ, "ಹೊತ್ತಿಗೆ ಸರಿಯಾಗಿ ಊಟ ಮಾಡು. ಸಂಜೆ ಬರ್ತೀನಿ" ಅಂದರು.

ನಾನೂ ಎಂಥ ಪೆದ್ದ ನೋಡು, ಒಂದು ಕಾಲು ಹೊರಗಿಟ್ಟೆ. ಬಾಗಿಲು ತೆಗೆದರೆ ಇಳಿಯಬೇಕು ಅನ್ನಿಸಿತು. ಆಗ ಅವರು ತಿರುಗಿ ನೋಡಿದರು. ಕಪ್ಪು ಕನ್ನಡಕ ಹಾಕಿದ ಮಾವ, ಒಂದು ಕಾಲು ಮೋರಿಯ ಪಕ್ಕ. ಅವರ ಮುಖದ ಬಣ್ಣ ಹೋಯಿತು. ಅಷ್ಟರಲ್ಲಿ ಗೇಟಿನ ವಾಚ್‌ಮನ್ ಹತ್ತಿರ ಬಂದು, "ಏನ್ ಸರ್, ಇವತ್ತು ಸ್ವಲ್ಪ ಲೇಟು" ಅಂದ, ದಿನಾ ನೋಡುವವರನ್ನು ಕೇಳುವ ಹಾಗೆ. ನಾನು ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡೆ, ಅಳಿಯಂದಿರು ಕಾರು ತಿರುಗಿಸಿದರು.

ಸೇತುವೆ ಮತ್ತೆ ದಾಟುವ ತನಕ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನನ್ನಂಥವನಿಗೆ ಅದೆಷ್ಟು ಕಷ್ಟ ಅಂತ ನಿನಗೆ ಗೊತ್ತು. ಅವರೇ ಶುರು ಮಾಡಿದರು. "ಮೊದಮೊದ್ಲು ಮರ್ತು ಬರ್ತಿದ್ದೆ ಮಾವ. ಆಮೇಲೆ ಮರೀದೇನೂ ಬರ್ತೀನಿ. ಅಲ್ಲಿ ಒಂದ್ನಿಮಿಷ ನಿಲ್ಲಿಸಿ ಹೋದ್ರೆ ದಿನ ಶುರುವಾದ ಹಾಗೆ ಇರುತ್ತೆ." ಅವರು ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ನನಗೆ ತಡೆಯಲಾಗಲಿಲ್ಲ. ಹಾಗಾದ್ರೆ ಅವಳಿಗೆ ನಿನ್ನಿಷ್ಟ ಅಂತ ಯಾಕಂದ್ರಿ, ಬಾ ಅನ್ನಬಾರದಿತ್ತಾ ಅಂತ ಕೇಳಿದೆ. ಕಣ್ಣಿನ ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದ ಮೇಲೆ, "ಬಾ ಅಂದ್ರೆ ಬಂದ್ಬಿಡ್ತಾಳೆ ಮಾವ" ಅಂದರು. "ಆ ಕೆಲಸ ಅಂದ್ರೆ ಅವಳಿಗೆ ಜೀವ. ಆ ಮಕ್ಕಳ ಬಗ್ಗೆ ಮಾತಾಡೋವಾಗ ಅವಳ ದನಿಯೇ ಬೇರೆ." ಆಮೇಲೆ ಬೇಗ ಇಳಿದು, ಸುತ್ತಿ ಬಂದು, ಹೊರಗಿನಿಂದ ನನ್ನ ಬಾಗಿಲು ತೆಗೆದು ಕೈ ಕೊಟ್ಟರು. ಅವಳಿಗೆ ಹೇಳಬೇಡಿ ಅಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಮೆಟ್ಟಿಲು ಕಾಣುವುದಿಲ್ಲ ಅನ್ನುವವನ ಹಾಗೆ ನೆಲ ನೋಡುತ್ತ ಒಳಗೆ ಹೋದೆ.

ಮನೆಗೆ ಬಂದು ನಿಮ್ಮಮ್ಮನಿಗೆ ಹೇಳಿದೆ. ಅವಳು ಬರೆಯಲೇಬೇಡಿ ಅಂದಳು. "ಇಷ್ಟು ಕಷ್ಟಪಟ್ಟು ಮೇಲೆ ಬಂದಿದ್ದಾಳೆ, ನೀವು ಇದನ್ನ ಬರೆದು ಅವಳ ಕಾಲು ಕಟ್ಟಿ ಹಾಕ್ತೀರ" ಅಂದಳು. ಅವಳ ಮಾತೂ ಸುಳ್ಳಲ್ಲ. ನಾಲ್ಕು ದಿನ ಸುಮ್ಮನಿದ್ದೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅವಳೇ, ಪುಟ್ಟಿ ಅಲ್ಲಿ ಒಬ್ಬಳೇ ಕೂತು ತಾನು ಯಾರಿಗೂ ಬೇಡ ಅಂದುಕೊಂಡು ಸಹಿ ಹಾಕೋದು ಬೇಡ, ಬರೀರಿ ಅಂದಳು. ಹಾಗೆ ಬರೆಯುತ್ತಿದ್ದೇನೆ. ಬಾ ಅಂತ ನಾನೂ ಹೇಳುವುದಿಲ್ಲ. ಆ ಕೂಸುಗಳಿಗೆ ನೀನು ಬೇಕು ಅನ್ನಿಸಿದರೆ ಉಳಿದುಕೋ, ಎರಡು ವರ್ಷ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹೋಗುತ್ತದೆ. ಆಗ ಅಳಿಯಂದಿರಿಗೆ ನಾನೇ ದಿನಾ ಫೋನು ಮಾಡಿ ತಲೆ ತಿನ್ನುತ್ತೇನೆ, ಒಬ್ಬರೇ ಇದ್ದೇವೆ ಅಂತ ಅನ್ನಿಸದ ಹಾಗೆ ನೋಡಿಕೊಳ್ಳುತ್ತೇನೆ. ಬರಬೇಕು ಅನ್ನಿಸಿದರೆ ಬಾ, ಅದೂ ಸೋಲಲ್ಲ. ಆದರೆ ಅವರ ದಿನ ಅವರ ಪಾಡಿಗೆ ಓಡುತ್ತದೆ ಅಂದೆಯಲ್ಲ, ಅದೊಂದನ್ನು ನಿನ್ನ ಯೋಚನೆಯಿಂದ ತೆಗೆದುಹಾಕು. ಓಡುತ್ತದೆ ನಿಜ, ಎಲ್ಲಿಗೆ ಓಡುತ್ತದೆ ಅಂತ ನಾನು ಪಕ್ಕದಲ್ಲೇ ಕೂತು ನೋಡಿದೆ.

ಅಳಿಯಂದಿರು ಇವತ್ತು ಸಂಜೆ ನನ್ನ ಕಣ್ಣಿನ ಔಷಧಿ ತಂದು ಕೊಡುತ್ತೇನೆ ಅಂದಿದ್ದಾರೆ. ಅವರು ಬರುವ ಮೊದಲೇ ಇದನ್ನು ಮಡಿಸಿ ಇಡಬೇಕು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಆ ಹೆಣ್ಣುಕೂಸಿಗೆ ಈ ಅಜ್ಜನ ಮುತ್ತು ಕೊಡು. ನೀನು ಎಲ್ಲಿದ್ದರೂ ನಗುತ್ತಾ ಇರು ತಾಯಿ, ನಿಮ್ಮಮ್ಮನದೂ ನನ್ನದೂ ಆಶೀರ್ವಾದ ನಿನ್ನ ತಲೆಯ ಮೇಲೆ ಯಾವತ್ತೂ ಇದೆ.

ಇಂತಿ,
ನಿನ್ನ ಡ್ರೈವರ್ ಅಪ್ಪ

ಲಕೋಟೆ ಅಂಟಿಸುವ ಮೊದಲು: ಅಳಿಯಂದಿರು ಬಂದು ಹೋದರು. ಕೈಲಾದ ಉಪಕಾರ ಮಾಡೋಣ, ಮೆಕ್ಯಾನಿಕ್‌ನನ್ನು ಕರೆಸಿ ಆ ಬಾಗಿಲ ಹಿಡಿ ಸರಿಮಾಡಿಸೋಣ ಅಂತ ಅವರ ಜೊತೆ ಕೆಳಗಿಳಿದು, ಕಾರಿನೊಳಗೆ ಕೂತು ಹಿಡಿ ಎಳೆದು ನೋಡಿದೆ. ಬಾಗಿಲು ಒಂದೇ ಸಲಕ್ಕೆ ಸಲೀಸಾಗಿ ತೆರೆದುಕೊಂಡಿತು. ಇದು ಯಾವಾಗ ರಿಪೇರಿ ಆಯಿತು ಅಂತ ಕೇಳಿದರೆ, "ತುಂಬಾ ದಿನ ಆಯ್ತಲ್ಲ ಮಾವ, ಅವಳು ಹೋಗೋಕೆ ಒಂದ್ವರ್ಷ ಮುಂಚೇನೇ. ಅವಳೇ ನಿಂತು ಮಾಡಿಸಿದ್ಲು" ಅಂದರು. ಅಲ್ಲ ಮಗಳೇ, ನೀನೇ ನಿಂತು ಸರಿಮಾಡಿಸಿದ ಬಾಗಿಲು. ಆಮೇಲೂ ಒಂದು ವರ್ಷ ಪೂರ್ತಿ, ದಿನಾ ಬೆಳಿಗ್ಗೆ ಆ ಗೇಟಿನ ಮುಂದೆ, ಅವರು ಬಾಗಿ ತೆಗೆಯಲಿ ಅಂತ ಕೈಕಟ್ಟಿ ಕೂತಿರುತ್ತಿದ್ದವಳು ಯಾರು? ಆ ಆಸ್ಪತ್ರೆಯವರಿಗೆ ಉತ್ತರ ಬರೆಯುವ ಮುಂಚೆ ಅದನ್ನೂ ಸ್ವಲ್ಪ ಯೋಚನೆ ಮಾಡು.