ಲೆತ್ತಿ ಕಳುಹಿಸುವ ವಾಕ್ಯಗಳು

ಲೆತ್ತಿ,

‘ಪ್ರೀತಿಯ’ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಆರು ವರ್ಷ ಮಾತು ಬಿಟ್ಟ ಅಕ್ಕ ಹಾಗೆ ಬರೆದರೆ ನೀನೇ ಸಂಶಯಪಡುತ್ತೀಯ. ನಾನಾಗಿದ್ದರೆ ಖಂಡಿತ ಪಡುತ್ತಿದ್ದೆ.

ನೇರವಾಗಿ ಕೇಳುತ್ತೇನೆ, ಏನು ನಿನ್ನ ಹಿಕ್ಮತ್ತು? ತಪಸ್ಸುಕಾಲ ಶುರುವಾದ ವಿಭೂತಿ ಬುಧವಾರದಿಂದ ದಿನಾ ಬೆಳಗ್ಗೆ ನನ್ನ ಮೊಬೈಲಿಗೆ ಆ ದಿನದ ಬೈಬಲ್ ವಾಚನ ಕಳುಹಿಸುತ್ತೀಯ. ಹೇಗಿದ್ದೀ ಎಂಬ ಒಂದು ಮಾತಿಲ್ಲ, ಬರೀ ವಾಕ್ಯ. ಒಂದು ಶನಿವಾರ, ಮನೆ ಬಿಟ್ಟು ಹೋದ ಮಗನನ್ನು ಅಪ್ಪ ಓಡಿ ಬಂದು ತಬ್ಬಿಕೊಂಡ ಕಥೆ. ಅದರಲ್ಲಿ ಒಳಗೆ ಬರಲೊಲ್ಲೆ ಎಂದು ಮುಖ ಊದಿಸಿ ಹೊರಗೇ ನಿಂತ ಹಿರಿಮಗ ಯಾರು, ನಾನೋ? ಮೂರು ದಿನ ಬಿಟ್ಟು, ಎಷ್ಟು ಸಲ ಕ್ಷಮಿಸಬೇಕು ಎಂಬ ಶಿಷ್ಯ ಪೇತ್ರನ ಪ್ರಶ್ನೆ. ಕ್ಷಮಿಸು, ಕ್ಷಮಿಸು, ಕ್ಷಮಿಸು! ಬ್ರಹ್ಮಾವರದಲ್ಲಿ ಕುಳಿತು ಬಸ್ರೂರಿನ ಅಕ್ಕನಿಗೆ ಉಪದೇಶ ಮಾಡಲು ನಿನಗೆ ಯಾರು ಪಾದ್ರಿಪಟ್ಟ ಕೊಟ್ಟರು?

ಮೀನು ಮಾರುವ ವನಜ ಬಂದಿದ್ದಳು. ತಪಸ್ಸುಕಾಲಕ್ಕೆ ನಾನು ಮೀನು ಬಿಟ್ಟದ್ದು ಗೊತ್ತಿದ್ದೂ ಹರಟೆಗೆಂದು ಬುಟ್ಟಿ ಇಳಿಸುತ್ತಾಳೆ. “ಹ್ವಾಯ್ ಬಾಯಮ್ಮ, ಮೊಬೈಲ್ ಕಂಡ್ಕಂಡ್ ಯಾರಿಗ್ ಬೈತ್ರಿ?” ಎಂದಳು. ಹೇಳಿದೆ. “ದೇವ್ರ್ ಮಾತ್ ಅಲ್ದಾ? ಎಂತಕ್ಕ್ ಕಳ್ಸುದ್ ಅಂದೇಳಿ ತಂಗಿ ಹತ್ರವೇ ಕೇಣಿ” ಎಂದಳು. ಕೇಳುವುದಕ್ಕಿಂತ ನಿನ್ನನ್ನು ಕೈಯಾರೆ ಹಿಡಿಯುವುದೇ ನನಗೆ ರುಚಿಸಿತು. ನನಗೆ ಚುಚ್ಚುವ ವಾಕ್ಯಗಳನ್ನೇ ನೀನು ಆರಿಸುತ್ತೀ ಎಂದು ಸಾಬೀತು ಮಾಡಲು ದಿನದಿನದ ವಾಚನ ಅಚ್ಚಾದ ಇಗರ್ಜಿಯ ಕ್ಯಾಲೆಂಡರ್ ಗೋಡೆಯಿಂದ ಇಳಿಸಿ, ಕನ್ನಡಕ ಹಾಕಿ, ಒಂದೊಂದೇ ದಿನ ತಾಳೆ ನೋಡುತ್ತಾ ಹಿಂದಕ್ಕೆ ಹೋದೆ. ಒಂದೂ ತಪ್ಪಿಲ್ಲ ಮಾರಾಯ್ತಿ! ತಪಸ್ಸುಕಾಲದಲ್ಲಿ ಎಲ್ಲ ಇಗರ್ಜಿಗಳಲ್ಲೂ ಓದುವುದೇ ಅದು. ಅರವತ್ತೆರಡು ವರ್ಷ ಅದನ್ನೇ ಕೇಳಿದವಳು, ನೀನು ನನಗೆಂದೇ ಹೆಣೆದ ಬಲೆ ಅಂದುಕೊಂಡೆ.

ಹಾಗೇ ತಪಸ್ಸುಕಾಲದ ಮೊದಲ ವಾರದ ಶುಕ್ರವಾರದವರೆಗೆ ಹೋದೆ. ಬಲಿಪೀಠದ ಎದುರು ಕಾಣಿಕೆ ಇಡುವಾಗ ಒಡಹುಟ್ಟಿದವರ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಎಂಬ ಮಾತು. ನನಗೆ ಅವರ ಮೇಲೆ ಮುನಿಸಿದ್ದರೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಹಾಗಲ್ಲ. ಅವರಿಗೆ ನನ್ನ ಮೇಲೆ ಮುನಿಯಲು ಕಾರಣವಿದ್ದರೆ ಎಂದಿದೆ. ಕನ್ನಡಕ ತೆಗೆದಿಟ್ಟೆ. ಇವಳಿಗೆ ಗೊತ್ತಾಗಿಬಿಟ್ಟಿದೆಯೇ ಎಂದುಕೊಂಡೆ.

ಗೊತ್ತಿಲ್ಲದಿದ್ದರೆ ಈಗ ತಿಳಿದುಕೋ. ನಮ್ಮ ಮಾಯ್ ಸಾಯುವಾಗ ನೀನು ಪಾದ್ರಿಗಳನ್ನು ಕರೆಸಿ ಕೊನೆಯ ತೈಲ ಹಚ್ಚಿಸಿದೆ, ಹೆತ್ತ ತಾಯಿಯ ಮುಖ ನೋಡಲು ನನ್ನನ್ನು ಮಾತ್ರ ಕರೆಯಲಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಫೋನ್ ಮಾಡಿದ್ದೆ ಎಂದು ನೀನು ಅತ್ತರೆ, ಬಂದೇ ಇಲ್ಲ ಎಂದು ಆಣೆ ಹಾಕಿದೆ. ಬಂದಿತ್ತು ಲೆತ್ತಿ. ಮೂರು ಸಲ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ನಿನ್ನ ಹೆಸರು ಕಂಡೆ. ಮಾಯಿಯನ್ನು ಒಂದು ತಿಂಗಳು ನೀನಿಟ್ಟುಕೋ ಎನ್ನಲು ಮಾಡಿದ್ದಾಳೆ ಎಂದು ಗುಮಾನಿಪಟ್ಟು, ಮೊಬೈಲ್ ಮಗುಚಿಟ್ಟು ಊಟ ಮುಗಿಸಿದೆ. ಬರೆಯಲು ನಾಚಿಕೆಯಾಗುತ್ತದೆ.

ಮಣ್ಣು ಮಾಡಿದ ದಿನ ಮಾಯಿಯ ಗೋರಿಯ ಬಳಿ ನೀನು ಬೆಸಾಂವ್ ಕೇಳಿ ಕೈಮುಗಿದೆ. ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತ ಧರ್ಮತಾಯಿ ನಾನು. ಆಶೀರ್ವಾದ ಕೇಳಿದವಳಿಗೆ ಇಲ್ಲ ಎನ್ನುವ ಹಕ್ಕು ನನಗಿಲ್ಲ. ಆದರೂ ಮುಖ ತಿರುಗಿಸಿ ಬಂದೆ.

ಭಾನುವಾರ ಪೂಜೆಗೆ ಮುಂಚೆಯೇ ಹೊರಟು, ಕುಂದಾಪುರದಲ್ಲಿ ಬಸ್ಸು ಬದಲಿಸಿ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ನೀನು ಕ್ಷಮಿಸುತ್ತೀ ಎಂಬ ನಂಬಿಕೆ ನನಗಿಲ್ಲ, ನಂಬುವ ಜಾತಿಯೇ ನಾನಲ್ಲ. ಆಸೆ ಮಾತ್ರ ಇದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಆರು ವರ್ಷ ತಡವಾದ ಬೆಸಾಂವ್ ಇದು. ನಿನಗೆ ಬೇಡವಾದರೂ ನಿನ್ನದೇ.

ಸುಳ್ಳು ಆಣೆ ಹಾಕಿದ ನಿನ್ನ ಅಕ್ಕ,
ಕಾರ್ಮಿನ್