ಮದ್ದಿಗಿಂತ ಮುಂಚೆ ತಲುಪಿದ ಹೆಸರು

ಹೆಲ್ಸಿಂಕಿ,
20 ಫೆಬ್ರವರಿ 1979

ಪ್ರೀತಿಯ ಸೈಮಿ ಅಕ್ಕನಿಗೆ,

ನಿನ್ನ ಕಾಗದ ಶುಕ್ರವಾರವೇ ಕೈಸೇರಿತು. ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು ಮಂಗಳವಾರವಾಯಿತು. ಫೋನ್ ಮಾಡಬಹುದಿತ್ತು. ಆದರೆ ನಿಮಗೆ ಫೋನಿರುವುದು ಪಕ್ಕದ ಮನೆಯಲ್ಲಿ. ಅಲ್ಲಿ ಎಲ್ಲರೆದುರು ನಿಂತು ನೀನು ನನ್ನ ಮಾತು ಕೇಳುವುದು ನನಗೆ ಬೇಡವಾಗಿತ್ತು. ಇದನ್ನು ಒಬ್ಬಳೇ ಕೂತು ಓದು. ತೌನೊ ಭಾವನಿಗೆ ಆಮೇಲೆ ಹೇಳಿದರಾಯಿತು.

"ಆ ಔಷಧಿ ಮಾಡೋ ಜಾಗದಲ್ಲೇ ಕೆಲಸ ಮಾಡ್ತೀಯ, ಒಂದು ಮಗೂಗೆ ಆಗೋವಷ್ಟು ಕೇಳಕ್ಕೂ ಬಾಯಿಲ್ವಾ ನಿಂಗೆ?" ಎಂದು ಬರೆದಿದ್ದೀಯಲ್ಲ. ಬಾಯಿತ್ತು ಅಕ್ಕ, ಕೇಳಿದೆ. ಇಲ್ಲ ಎಂದರು. ಸುತ್ತಿ ಬಳಸಿ ಹೇಳಿದರೆ ನಿನಗೆ ಸಿಟ್ಟು ಬರುತ್ತದೆಂದು ಮೊದಲೇ ಹೇಳಿಬಿಡುತ್ತಿದ್ದೇನೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಕೇಳಲಿಲ್ಲ. "ಸೀಸೆ ತೊಳೀತಾಳೇನೋ" ಎಂದು ಊರಿನಲ್ಲಿ ಹೇಳುತ್ತಿದ್ದೆಯಂತೆ. ನಾನು ಕಾಗದ ಓದುತ್ತೇನೆ. ಯುರೋಪಿನ ಎಲ್ಲ ಮೂಲೆಗಳಿಂದ ನಮ್ಮ ಪ್ರಯೋಗಾಲಯಕ್ಕೆ ಕಾಗದಗಳು ಬರುತ್ತವೆ, ಡಾಕ್ಟರುಗಳಿಂದಲ್ಲ, ಅಪ್ಪ ಅಮ್ಮಂದಿರಿಂದ, ಗಂಡಂದಿರಿಂದ. ಎಷ್ಟೋ ಭಾಷೆ ನನಗೆ ಬರುವುದಿಲ್ಲ. ಆದರೆ ಪ್ರತಿಯೊಂದರಲ್ಲೂ ಒಂದು ಪದದ ಕೆಳಗೆ ಗೆರೆ ಎಳೆದಿರುತ್ತಾರೆ. ಇಂಟರ್ಫೆರಾನ್. ಇಟಲಿಯವರು ಅದರ ಕೊನೆಗೊಂದು 'ಎ' ಹಚ್ಚುತ್ತಾರೆ, ಲಿಥುವೇನಿಯದವರು 'ಆಸ್' ಹಚ್ಚುತ್ತಾರೆ, ನಾವು ಎಂದಿನಂತೆ ಒಂದು 'ಇ' ಹಚ್ಚಿ ಇಂಟರ್ಫೆರೋನಿ ಮಾಡಿಕೊಂಡಿದ್ದೇವೆ. ಗ್ರೀಕರ ಕಾಗದದಲ್ಲಿ ನನಗೆ ಒಂದಕ್ಷರವೂ ತಿಳಿಯದು. ಆದರೂ ಆ ಪದ ಎಲ್ಲಿದೆಯೆಂದು ಅದರ ಉದ್ದ ನೋಡಿಯೇ ಹೇಳಬಲ್ಲೆ.

ಟೆಲಿಫೋನಿಗೆ, ಕರೆಂಟಿಗೆಲ್ಲ ನಮ್ಮದೇ ಪದ ಹುಟ್ಟಿಸಿಕೊಂಡ ಜನ ನಾವು. ನಮ್ಮ ಜನರ ರಕ್ತದಿಂದಲೇ ತೆಗೆಯುವ ಇದಕ್ಕೆ ಮಾತ್ರ ಯಾರೂ ಹೊಸ ಹೆಸರಿಡಲಿಲ್ಲ. ಪ್ರಯೋಗಾಲಯದ ರೌಹಾ ಕಾಫಿ ಹೊತ್ತಿನಲ್ಲಿ ನನ್ನನ್ನು ಕೆಣಕುತ್ತಿರುತ್ತಾಳೆ: "ರಕ್ತ ನಮ್ದು, ಬೆವರು ನಮ್ದು, ಹೆಸರು ಮಾತ್ರ ಇಂಗ್ಲಿಷ್‌ನೋರ ಹತ್ರ ಎರವಲು. ಅಷ್ಟು ಭಾಷೆ ಕಲ್ತು ಏನು ಮಾಡ್ತಿದ್ದೀಯ ನೀನು?" ನಾವಿಬ್ಬರೂ ನಗುತ್ತಿದ್ದೆವು. ಈಗ ಅವಳೂ ಆ ಮಾತು ತೆಗೆಯುವುದಿಲ್ಲ.

ನಿನ್ನ ಕಾಗದದ ಕೊನೆಯಲ್ಲಿ ವಿರ್ಪಿ ತಾನೇ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: "ಚಿಕ್ಕಮ್ಮ, ಇಂಟರ್ಫೆರೋನಿ ಅಂದ್ರೆ ಏನು? ಅದು ಬಂದ್ರೆ ನಾನು ಮುಂದಿನ ಚಳಿಗಾಲಕ್ಕೆ ಸ್ಕೀ ಕಟ್ಕೋಬೋದು ಅಂತಾಳೆ ಅಮ್ಮ." ಅವಳಿಗೆ ಹೇಳು. ಮೈಯೊಳಗಿನ ಒಂದು ಜೀವಕಣದೊಳಕ್ಕೆ ವೈರಸ್ ಹೊಕ್ಕರೆ, ಆ ಕಣ ಸುಮ್ಮನೆ ಸಾಯುವುದಿಲ್ಲ. ಏನನ್ನೋ ಹೊರಗೆ ಬಿಟ್ಟು ಅಕ್ಕಪಕ್ಕದ ಕಣಗಳಿಗೆ ಎಚ್ಚರಿಕೆ ಕೊಡುತ್ತದೆ. ಆಮೇಲೆ ಬಂದ ವೈರಸ್ಸಿಗೆ ಅವು ಬಾಗಿಲು ತೆಗೆಯುವುದಿಲ್ಲ. ಅಡ್ಡ ಬರುವುದಕ್ಕೆ ಇಂಗ್ಲಿಷಿನಲ್ಲಿ 'ಇಂಟರ್ಫಿಯರ್' ಎನ್ನುತ್ತಾರೆ, ಅದರಿಂದಲೇ ಲಂಡನ್ನಿನವರು ಆ ಹೆಸರಿಟ್ಟರು. ಅವಳ ಮೊಣಕಾಲಿನ ಗಡ್ಡೆಗೂ ಅದು ಅಡ್ಡ ಬರುತ್ತದೆಯೇ ಎಂದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಇದಿಷ್ಟು ನಿಜ. ಅಡುಗೆಮನೆ ಗೋಡೆಗೆ ನೀನು ಅಂಟಿಸಿಕೊಂಡಿರುವ ಪತ್ರಿಕೆಯ ತುಣುಕಿನಲ್ಲಿ ಇದನ್ನು ಬರೆದಿಲ್ಲ, ನನಗೆ ಗೊತ್ತು.

ನಮ್ಮ ಪ್ರಯೋಗಾಲಯ ನಡೆಸುವ ಡಾಕ್ಟರ ಕೋಣೆಗೆ ಹೋಗಿ ನಿಂತೆ. ಅವರು ಕೂತುಕೋ ಎಂದರು, ನಾನು ಕೂರಲಿಲ್ಲ. ವಿರ್ಪಿಯ ಫೋಟೋ ಮೇಜಿನ ಮೇಲಿಟ್ಟೆ, ಕಳೆದ ವರ್ಷ ಹೆಪ್ಪುಗಟ್ಟಿದ ಕೆರೆಯ ಮೇಲೆ ಸ್ಕೀ ಪಂದ್ಯ ಗೆದ್ದಾಗ ತೆಗೆದದ್ದು. ಕೈಗೆತ್ತಿಕೊಂಡು ನೋಡಿದರು. ಈ ವರ್ಷ ತಯಾರಾಗುವುದನ್ನೆಲ್ಲ ಆಸ್ಪತ್ರೆಗಳು ರೋಗಿಗಳ ಮೇಲೆ ನಡೆಸುವ ಪರೀಕ್ಷೆಗಳಿಗೆ ಕೊಡುವುದಾಗಿ ಮಾತು ಕೊಟ್ಟಾಗಿದೆಯಂತೆ. "ಎದುರಿಗೆ ನಿಂತೋರಿಗೆ ಕೊಟ್ಟುಬಿಟ್ರೆ, ದೂರದಿಂದ ಬರ್ದೋರು ಏನು ಮಾಡ್ಬೇಕು, ನೀನೇ ಹೇಳಮ್ಮ" ಎಂದರು. ಅವರನ್ನು ಬಯ್ಯಬೇಕೆಂದಿದ್ದೆ. ಅವರ ಕಣ್ಣೂ ಕೆಂಪಾಗಿತ್ತು. ನನಗೆ ಬಯ್ಯಲಾಗಲಿಲ್ಲ.

ಹೊರಡುವಾಗ ಅವರು ಹೇಳಿದ ಇನ್ನೊಂದು ಮಾತನ್ನು ನೀನು ಕೇಳಲೇಬೇಕು. "ಕೊಡೋಕೆ ಇದ್ದಿದ್ರೂ ಮೊದಲು ಕಾಲು ತೆಗೀಲೇಬೇಕು. ಇದು ಅದರ ಬದಲಿಗಲ್ಲ, ಅದಾದ ಮೇಲೆ." ಊಲು ನಗರದ ಆಸ್ಪತ್ರೆಯ ಡಾಕ್ಟರು ಕಾಲು ತೆಗೆಯಲು ದಿನ ಗೊತ್ತು ಮಾಡಿದಾಗ ನೀನು ಮಗುವಿಗೆ ಕೋಟು ಹಾಕಿಸಿ ಮನೆಗೆ ಕರೆದುಕೊಂಡು ಬಂದೆಯಂತೆ. ತೌನೊ ಭಾವ ನನಗೆ ಗುಟ್ಟಾಗಿ ಬರೆದಿದ್ದ. ಅವನ ಮೇಲೆ ಸಿಟ್ಟಾಗಬೇಡ. ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಓಡಿಬರುತ್ತಿದ್ದೆ. ಆದರೆ ಅಕ್ಕ, ಈಗ ಆ ಮಗುವಿಗೂ ಡಾಕ್ಟರಿಗೂ ನಡುವೆ ಅಡ್ಡ ನಿಂತಿರುವವಳು ನೀನು.

ನಮ್ಮಲ್ಲಿಂದ ಹೋಗುವ ಉತ್ತರಗಳನ್ನು ಬರೆಯುವವಳೂ ನಾನೇ. ನಿಮ್ಮ ಸಂಕಟ ನಮಗೆ ತಿಳಿಯುತ್ತದೆ, ಸದ್ಯಕ್ಕೆ ಕಳಿಸಲು ನಮ್ಮಲ್ಲಿ ಏನೂ ಇಲ್ಲ, ದಯವಿಟ್ಟು ನಿಮ್ಮ ಡಾಕ್ಟರ ಮಾತಿನಂತೆ ನಡೆಯಿರಿ. ಇಷ್ಟೇ. ನನಗೆ ಬಾರದ ಭಾಷೆಗಳಿಗೆ ವಿಶ್ವವಿದ್ಯಾಲಯದಲ್ಲಿ ಯಾರನ್ನಾದರೂ ಹಿಡಿದು ಬರೆಸಿಕೊಂಡಿದ್ದೇನೆ. ಫಿನ್ನಿಷ್‌ನಲ್ಲಿ ಮಾತ್ರ ಇದುವರೆಗೆ ಬೇಕಾಗಿರಲಿಲ್ಲ, ಇಲ್ಲಿನ ಡಾಕ್ಟರುಗಳು ಫೋನಿನಲ್ಲೇ ಕೇಳಿ ತಿಳಿದುಕೊಳ್ಳುತ್ತಿದ್ದರು. "ನಿಮ್ಮಕ್ಕಂಗೆ ನಾನೇ ಬರೀಲಾ?" ಎಂದು ನಮ್ಮ ಡಾಕ್ಟರು ಕೇಳಿದರು. ಬೇಡ, ನಾನೇ ಬರೆಯುತ್ತೇನೆ ಎಂದೆ. ಆ ಮೂರು ಮಾತುಗಳನ್ನು ನಮ್ಮ ಭಾಷೆಯಲ್ಲಿ ಬರೆಯಲು ಹೋದಾಗ, ಇಷ್ಟು ದಿನ ನಾನು ಏನನ್ನು ಲಕೋಟೆಯಲ್ಲಿ ತುಂಬಿ ಕಳಿಸುತ್ತಿದ್ದೆನೆಂದು ಗೊತ್ತಾಯಿತು. ಪ್ರತಿ ಊರಿಗೂ ಆ ಹೆಸರು ಹೋಗಿ ಮುಟ್ಟಿದೆ, ಅಕ್ಕ. ಅದರ ಹಿಂದೆಯೇ ನನ್ನ ಕಾಗದ ಹೋಗುತ್ತದೆ. ಮದ್ದು ಹೋಗುವುದಿಲ್ಲ. ಈ ಕೆಲಸ ನನಗೆ ಸಾಕಾಗಿ ಹೋಗಿದೆ.

ಇನ್ನು ಊರಿನವರ ರಕ್ತದ ವಿಷಯ. ರಕ್ತ ತೆಗೆಯುವವರು ಮಾಮೂಲಿನಂತೆ ಮಂಗಳವಾರ ಬರುತ್ತೇವೆಂದರೂ ಬಿಡದೆ, ಮಗುವಿಗೆ ತಡವಾಗುತ್ತದೆಂದು ಕಾಡಿ ಬೇಡಿ ಭಾನುವಾರವೇ ಕರೆಸಿದಿರಂತೆ. ಚರ್ಚು ಮುಗಿಸಿ ಎಲ್ಲರೂ ಸಭಾಮನೆಯಲ್ಲಿ ಸಾಲಾಗಿ ಮಲಗಿ ತೋಳು ಕೊಟ್ಟರಂತೆ. ಪ್ರತಿ ಚೀಲಕ್ಕೂ ಕೆಂಪು ಉಣ್ಣೆಯ ದಾರದಲ್ಲಿ 'ವಿರ್ಪಿಗೆ' ಎಂಬ ಚೀಟಿ ಕಟ್ಟಿದಿರಂತೆ. ಅದನ್ನು ಬಿಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ರಕ್ತದಿಂದ, ಈ ಮದ್ದು ಹುಟ್ಟುವ ಬಿಳಿ ಕಣ ಬೇರೆ ಮಾಡಿದ ಮೇಲೂ ಬುಡ್ಡಿಗಳಿಗೆ ಹಾಗೇ ಕಟ್ಟಿ ಇಲ್ಲಿಗೆ ಕಳಿಸಿದ್ದರು. "ನಮ್ಮೂರ ರಕ್ತದಿಂದ ಎಷ್ಟು ಬರತ್ತೋ ಅಷ್ಟು ನಮ್ಮ ಹುಡುಗೀಗೆ ಕೊಡ್ಲಿ ಸಾಕು, ಬೇರೆಯೋರ ಪಾಲು ನಮಗೆ ಬೇಡ" ಎಂದು ನೀನು ಬರೆದದ್ದನ್ನು ಎರಡೆರಡು ಸಲ ಓದಿದೆ.

ಹಾಗೆ ಪಾಲು ಮಾಡಲಾಗುವುದಿಲ್ಲ ಅಕ್ಕ. ಒಂದು ದಿನದ್ದೆಲ್ಲ, ಇಡೀ ದೇಶದ್ದು, ಒಂದೇ ಪಾತ್ರೆಗೆ ಬೀಳುತ್ತದೆ. ಅಲ್ಲಿ ಯಾರ ಹೆಸರೂ ಉಳಿಯುವುದಿಲ್ಲ. ಒಂದೂರಿನದರಿಂದ ಸಿಗುವುದೂ ತೀರ ಕಮ್ಮಿ, ಒಬ್ಬಳಿಗೆ ಕೆಲವು ದಿನಕ್ಕೂ ಸಾಲದು. ನಿಮ್ಮೂರಿನದೂ ಹಾಗೆಯೇ ಎಲ್ಲರದರ ಜೊತೆ ಸೇರಿದೆ. ಎಲ್ಲೋ ಒಂದು ಆಸ್ಪತ್ರೆಯಲ್ಲಿ, ನಮಗೆ ಗೊತ್ತಿಲ್ಲದ ಒಂದು ಮಗುವಿಗೆ ತಲುಪುತ್ತದೆ ಎಂದುಕೊಂಡು ಸಮಾಧಾನ ಮಾಡಿಕೋ. ಊರಿನವರಿಗೂ ಹಾಗೆಯೇ ಹೇಳು.

ವಿರ್ಪಿಗೆ ಏಲಕ್ಕಿ ಬನ್ ಮಾಡಿಕೊಡು, ತಿಂದಷ್ಟು ತಿನ್ನಲಿ. ನಾನು ರಜೆ ಕೇಳಿದ್ದೇನೆ, ಶನಿವಾರ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಸೌನಾ ಸ್ನಾನದ ಮನೆಯಲ್ಲಿ ಮಲಗುತ್ತೇನೆ.

ನಿನ್ನ ತಂಗಿ,
ಲೆಂಪಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸ್ ಬಂದೆ. ಮೇಲಿನದನ್ನು ಓದಿದರೆ ನೀನು ಇನ್ನೂ ಕಾಯುತ್ತೀಯ. ಆ ಪಾತ್ರೆಯಿಂದ ಒಂದು ತೊಟ್ಟಾದರೂ ಬರಬಹುದೆಂದು ಕಾಯುತ್ತೀಯ, ನನಗೆ ನೀನು ಗೊತ್ತು. ನಿಮ್ಮೂರಿನದು ಪಾತ್ರೆಗೆ ಬೀಳಲೇ ಇಲ್ಲ. ಬಿಳಿ ಕಣ, ರಕ್ತ ತೆಗೆದ ಮಾರನೆಯ ದಿನವೇ ನಮ್ಮ ಕೈಗೆ ಬರಬೇಕು, ತಡವಾದರೆ ಅದರಿಂದ ಏನೂ ಹುಟ್ಟುವುದಿಲ್ಲ. ಭಾನುವಾರ ಅದನ್ನು ಬೇರೆ ಮಾಡುವವರಿರಲಿಲ್ಲ, ತರುವ ಏರ್ಪಾಡೂ ಇರಲಿಲ್ಲ. ಅದು ಬಂದದ್ದು ಬುಧವಾರ. ರೌಹಾ ಬೆಳಕಿಗೆ ಹಿಡಿದು ನೋಡಿ, "ಇದು ಸತ್ತಿದೆ ಕಣೇ ಲೆಂಪಿ, ಸೇರಿಸಿದ್ರೆ ಮಿಕ್ಕಿದ್ದೂ ಹಾಳು" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ತೊಟ್ಟಿಗೆ ಸುರಿದು ನೀರು ಬಿಟ್ಟಳು. ಚೀಟಿಗಳನ್ನು ಬಿಚ್ಚಿ, ಒರೆಸಿ ಒಣಗಿಸಿ ನನ್ನ ಕೈಗೆ ಕೊಟ್ಟಳು, ನನ್ನ ಹತ್ತಿರವೇ ಇವೆ. ಊರಿನವರಿಗೆ ಇದನ್ನು ಹೇಳಬೇಡ, ಅವರದು ಯಾರಿಗೋ ತಲುಪಿತು ಎಂದೇ ಇರಲಿ. ನಿನಗೆ ಮಾತ್ರ ಹೇಳುತ್ತಿದ್ದೇನೆ. ದಾರಿಯಲ್ಲಿ ಏನೂ ಬರುತ್ತಿಲ್ಲ ಅಕ್ಕ. ನಾನು ಬರುವವರೆಗೂ ಕಾಯಬೇಡ, ಮಗುವನ್ನು ಊಲುವಿನ ಆಸ್ಪತ್ರೆಗೆ ಕರೆದುಕೊಂಡು ಹೋಗು.