ನನಗೊಬ್ಬಳಿಗೆ ಹೇಳದ ಮಾತು

ಅಪ್ಪ,

ನೀನು ಇದನ್ನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಸಿಟ್ಟನ್ನು ಇನ್ನು ಯಾರ ಮೇಲೆ ತೀರಿಸಲಿ?

ಇವತ್ತು ನಿನ್ನ ತಂಗಿ ಮರಗೆಲಸದ ಶೆಡ್ಡಿಗೇ ಬಂದಿದ್ದಳು. ನನಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿರುವುದನ್ನು ತಿಳಿಸಿ, ಇವಳು ಇಲ್ಲಿ ಕಲಿತದ್ದು ಸಾಕು ಎಂದು ಮೇಸ್ತ್ರಿಗೆ ಹೇಳಲು. ನಾನು ಕುರ್ಚಿಯ ಕಾಲುಗಳಿಗೆ ಅಡ್ಡಪಟ್ಟಿ ಕೂರಿಸುತ್ತಿದ್ದೆ.

“ಮಗಳು ಓದ್ಲೇಬೇಕು ಅಂತ ಅಣ್ಣ ನನ್ ಹತ್ರ ಎಷ್ಟ್ ಸಲ ಹೇಳಿದ್ದ!” ಎಂದಳು ಅತ್ತೆ.

“ನನ್ ಹತ್ರ ಬೇರೇನೇ ಹೇಳಿದ್ನಲ್ಲಮ್ಮ? ‘ನನ್ನ ಉಳಿ ಇವಳ ಕೈಲೇ ಇರ್ಲಿ’ ಅಂದಿದ್ದ,” ಎಂದರು ಮೇಸ್ತ್ರಿ.

“ಸತ್ತೋನ ಬಾಯಿಗೆ ಮಾತು ತುರುಕ್ಬೇಡಿ!”

“ನೀವು ಮಾಡ್ತಿರೋದೂ ಅದೇ!”

ಇಬ್ಬರೂ ಸುಳ್ಳು ಹೇಳುವವರಲ್ಲ. ಅಂದರೆ ನೀನು ಅವರವರಿಗೆ ಬೇಕಾದ್ದನ್ನು ಹೇಳಿದ್ದೀಯ. ಒಂದೇ ಮೇಜಿನ ಆಚೆಬದಿ ನಿಂತು ಕೆಲಸ ಮಾಡಿದ ನನಗೆ ಹೇಳಿದ್ದು ಇಷ್ಟೇ: “ಜೋಡಿಸಿದ್ದನ್ನ ಒಂದಿನ ಹಾಗೇ ಬಿಡು. ನಾಳೆ ನೋಡಿ ಅಂಟು ಹಚ್ಚು.” ಕುರ್ಚಿಗೆ ಸಿಕ್ಕಷ್ಟು ಯೋಚನೆ ನನಗೆ ಸಿಗಲಿಲ್ಲ.

ನನಗೇನು ಬೇಕು ಎಂದು ಅವರಿಬ್ಬರೂ ಕೇಳಲಿಲ್ಲ. ಆಗತಾನೇ ಕೂರಿಸಿದ ಪಟ್ಟಿಯನ್ನು ಬಿಚ್ಚಿ, ಅವರ ಕಣ್ಣೆದುರೇ ಅಂಟು ಬಳಿದು, ಬಡಿದು ಕೂರಿಸಿದೆ. “ಇಲ್ಲೇ ಇರ್ತೀನಿ” ಎಂದೆ.

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಮೇಸ್ತ್ರಿ ಗೆದ್ದವರಂತೆ ನಗಲೂ ಇಲ್ಲ. “ಒಂದಿನ ಬಿಡಬೇಕಿತ್ತಲ್ಲೇ,” ಎಂದರು.

ಗೊತ್ತು. ಕುರ್ಚಿಯ ಕಾಲು ತುಸು ವಾಲಿದೆ. ಬೈಯುವುದಿದ್ದರೆ ಬೈಯಿ. ಆದರೆ ಈ ಸಲ ಇನ್ನೊಬ್ಬರ ಹತ್ತಿರ ಹೇಳಿಕಳಿಸಬೇಡ.